ಎರಡು ನಿಮಿಷದಲ್ಲಿ ದಾಟಿಸಿದ ಕಾಲಂ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಳ್ಗಿಚ್ಚಿನ ಕಾಲ ಶುರುವಾಗುವ ಮುನ್ನ, ಮಾರ್ಚ್‌ನಿಂದ ಮೇವರೆಗೆ, ಬೆಂಕಿ ಆರಿಸಲು ಜನರನ್ನೂ ಗಾಡಿಗಳನ್ನೂ ಕಳಿಸುವ ಡಿಸ್ಪ್ಯಾಚ್ ಕೇಂದ್ರಗಳ ಅಡ್ಮಿನ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕಲಿಸುವುದು ಐರಾಕ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು. ರಾಸ್ ಎಂಬ ಹಳೆಯ ವ್ಯವಸ್ಥೆಯನ್ನು ತೆಗೆದು 2020ರಲ್ಲಿ ತಂದದ್ದು ಇದು. ಯಾವ ತಂಡ ಬಿಡುವಾಗಿದೆ, ಯಾವ ನೀರಿನ ಗಾಡಿ ಎಲ್ಲಿದೆ, ಯಾವ ಹೆಲಿಕಾಪ್ಟರ್ ಯಾವ ಬೆಂಕಿಗೆ ಹೋಗಿದೆ ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಬೇಡಿಕೆ ಬಂದಾಗ ಸ್ಥಳೀಯ ಕೇಂದ್ರದಲ್ಲಿ ಜನ ಸಿಗದಿದ್ದರೆ ಅದು ಪ್ರಾದೇಶಿಕ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಯೂ ಇಲ್ಲವೆಂದರೆ ಐಡಾಹೋದ ಬಾಯ್ಸಿಯಲ್ಲಿರುವ ರಾಷ್ಟ್ರೀಯ ಕೇಂದ್ರಕ್ಕೆ. ಸೊಪ್ಪಿನ ರೆಂಬೆಯಿಂದ ಬೆಂಕಿ ಬಡಿಯುವ ನಮ್ಮ ಕಾಡಿನ ವಾಚರುಗಳನ್ನು ನೋಡಿ ಬೆಳೆದ ನನಗೆ, ಅಲಾಸ್ಕಾದ ತಂಡವೊಂದು ಕ್ಯಾಲಿಫೋರ್ನಿಯಾದ ಬೆಂಕಿಗೆ ಬಂದಿಳಿಯುವುದು ಇಂದಿಗೂ ದೊಡ್ಡ ಸಂಗತಿಯೇ.

ಮೊದಲ ವರ್ಷಗಳಲ್ಲಿ ನಾನು ಮೆನುಗಳ ಸಾಲು ಹಿಡಿದು ಕಲಿಸುತ್ತಿದ್ದೆ. ಖಾತೆ ತೆರೆಯುವುದು, ಅಧಿಕಾರ ಕೊಡುವುದು, ವರದಿ ತೆಗೆಯುವುದು. ಪ್ರತಿ ಸಿಬ್ಬಂದಿಯ ಹೆಸರಿನ ಮುಂದೆ, ಅವರನ್ನು ಎಲ್ಲಿಯವರೆಗಿನ ಬೆಂಕಿಗೆ ಕರೆಯಬಹುದು ಎಂದು ಹೇಳುವ, ಲಭ್ಯತೆಯ ವ್ಯಾಪ್ತಿ ಎಂಬ ಕಾಲಂ ಇರುತ್ತದೆ: ಸ್ಥಳೀಯ, ಪ್ರಾದೇಶಿಕ, ರಾಷ್ಟ್ರೀಯ. ಅದಕ್ಕೆ ನಾನು ಎರಡು ನಿಮಿಷ ಕೊಟ್ಟಿದ್ದೆ.

ಒಂದು ಅಕ್ಟೋಬರಿನಲ್ಲಿ ಸಣ್ಣ ಪಟ್ಟಣದ ಕೇಂದ್ರವೊಂದಕ್ಕೆ ಮತ್ತೆ ಹೋಗಿದ್ದೆ. ಅಗ್ನಿಶಾಮಕ ತರಬೇತಿಯಲ್ಲಿದ್ದ ಯುವತಿಯೊಬ್ಬಳು ತನ್ನ ಟಾಸ್ಕ್ ಬುಕ್ ತಂದು ನನ್ನ ಮುಂದೆ ತೆರೆದಳು. ಮುಂದಿನ ಹುದ್ದೆಯ ಅರ್ಹತೆ ಸಿಗಬೇಕಾದರೆ ನಿಜವಾದ ಬೆಂಕಿಯ ಸ್ಥಳದಲ್ಲಿ ದುಡಿದು, ಮಾಡಿದ ಒಂದೊಂದು ಕೆಲಸಕ್ಕೂ ಅದರಲ್ಲಿ ಸಹಿ ಪಡೆಯಬೇಕು. ಅವಳ ಪುಟಗಳು ಖಾಲಿ. "ಬೇಸಿಗೆಯಿಡೀ ಬ್ಯಾಗ್ ಕಟ್ಟಿಕೊಂಡು ಕಾದೆ. ನನ್ನನ್ನು ಯಾಕೆ ಯಾರೂ ಕರೆಯಲಿಲ್ಲ?" ಎಂದಳು. ದಾಖಲೆ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ "ಸ್ಥಳೀಯ" ಎಂದಿತ್ತು. ಆ ಕಣಿವೆಯಲ್ಲಿ ಆ ವರ್ಷ ಅವಳ ಕೆಲಸಕ್ಕೆ ಬೇಡಿಕೆ ಹುಟ್ಟಲಿಲ್ಲ; ಹೊರಗಿನವರ ಕಣ್ಣಿಗೆ ಅವಳು ಲಭ್ಯಳೇ ಆಗಿರಲಿಲ್ಲ. ಅಡ್ಮಿನ್ ಒಳ್ಳೆಯವರು, ಶ್ರದ್ಧೆಯವರು. "ಊರಿನವರಲ್ಲವೇ, ಅದಕ್ಕೇ ಸ್ಥಳೀಯ ಎಂದು ಹಾಕಿದೆ" ಎಂದರು. ಆ ಪದಕ್ಕೆ ಅಲ್ಲಿ ಬೇರೆಯೇ ಅರ್ಥವಿದೆ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಒಬ್ಬಳ ಒಂದು ವರ್ಷ ಹೋಗಿತ್ತು, ಜೊತೆಗೆ ಹೆಚ್ಚುವರಿ ಅವಧಿಯ ಸಂಬಳವೂ. ಅವಳ ಕ್ಷಮೆ ಕೇಳಿದೆ.

ಹಾಗೆಂದು ಎಲ್ಲರನ್ನೂ "ರಾಷ್ಟ್ರೀಯ" ಮಾಡಿಬಿಟ್ಟರೆ ಅದೂ ಅಪಾಯವೇ. ಒಂದು ನಿಯೋಜನೆಯೆಂದರೆ ಸಾಮಾನ್ಯವಾಗಿ 14 ದಿನ, ಪ್ರಯಾಣ ಬೇರೆ. ಐದಾರು ಜನ ಒಟ್ಟಿಗೆ ಹೊರಟರೆ ಮರುದಿನ ಸಿಡಿಲು ಬಡಿದಾಗ ಊರಿನ ಗಾಡಿ ಓಡಿಸುವವರಿರುವುದಿಲ್ಲ. ಯಾರನ್ನು ಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬುದು ಆ ಸಿಬ್ಬಂದಿಯ ಜೊತೆಗೂ ಅವರ ಮೇಲಧಿಕಾರಿಯ ಜೊತೆಗೂ ಕೂತು ಮಾತನಾಡಿ ತೀರ್ಮಾನಿಸಬೇಕಾದ ವಿಷಯ. ಪರದೆಯ ಮುಂದೆ ಒಬ್ಬರೇ ಕೂತು ಊಹಿಸಿ ತುಂಬುವ ಕಾಲಂ ಅದಲ್ಲ.

ಈಗ ನನ್ನ ತರಗತಿಯ ಮೊದಲ ಬೆಳಗ್ಗೆ ಮೆನು ತೆರೆಯುವುದಿಲ್ಲ. ಅಭ್ಯಾಸದ ವ್ಯವಸ್ಥೆಯಲ್ಲಿ ಒಂದು ಬೇಡಿಕೆ ಹುಟ್ಟಿಸಿ, ಅದು ಸ್ಥಳೀಯ ಕೇಂದ್ರದಿಂದ ಬಾಯ್ಸಿಯವರೆಗೆ ಹೋಗಿ ಒಂದು ಹೆಸರಿನ ಮೇಲೆ ನಿಲ್ಲುವವರೆಗೆ ಎಲ್ಲರೂ ಹಿಂಬಾಲಿಸುತ್ತೇವೆ. ಆಮೇಲೆ ಅದೇ ಹೆಸರಿನ ವ್ಯಾಪ್ತಿಯನ್ನು "ಸ್ಥಳೀಯ" ಎಂದು ಬದಲಿಸಿ, ಇನ್ನೊಮ್ಮೆ ಹುಡುಕಲು ಹೇಳುತ್ತೇನೆ. ಆ ಹೆಸರು ಪಟ್ಟಿಯಿಂದ ಮಾಯವಾದಾಗ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ. ನಾನು ಉದ್ದಕ್ಕೆ ವಿವರಿಸಿದ್ದಕ್ಕಿಂತ ಆ ಕ್ಷಣ ಹೆಚ್ಚು ಕಲಿಸಿದೆ. ಮಧ್ಯಾಹ್ನ ಎಲ್ಲರ ಕೈಗೂ ತಮ್ಮ ತಮ್ಮ ಕೇಂದ್ರದ ನಿಜವಾದ ಪಟ್ಟಿ, ಪಕ್ಕದಲ್ಲಿ ಫೋನು.

ಕಳೆದ ಬಾರಿ ಹಿರಿಯ ಅಡ್ಮಿನ್ ಒಬ್ಬರು ಪಟ್ಟಿಯ ಮೊದಲ ಹೆಸರಿಗೇ ಫೋನು ಮಾಡಿದರು. ಆತ ಸ್ವಂತ ಜಮೀನಿದ್ದವನು. ಹುಲ್ಲಿನ ಕೊಯ್ಲು ಮುಗಿಯುವವರೆಗೆ ಊರು ಬಿಡಲಾರೆ, ಜುಲೈ 20ರ ನಂತರ ಎಲ್ಲಿಗೆ ಕಳಿಸಿದರೂ ಸರಿ ಎಂದನಂತೆ. ಅವರು ಆ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಎರಡನೆಯ ಹೆಸರಿಗೆ ಫೋನು ಮಾಡಲು ಶುರು ಮಾಡಿದರು.