ನಾಲ್ಕನೇ ಸಲಕ್ಕೆ ಗೋಪುರದ ಗೆರೆ ನೆಟ್ಟಗಾಯಿತು

ಗೆಳತಿಯೂ ನಾನೂ ಸೇರಿ ಒಂದೇ ಬಟ್ಟೆ ಮೇಲೆ ಕಸೂತಿ ಹಾಕುತ್ತಿದ್ದೇವೆ. ನನ್ನ ಪಾಲಿನ ಹೊಲಿಗೆ ಮೂರು ಸಲ ಬಿಚ್ಚಿ ಮತ್ತೆ ಹಾಕಿದರೂ ಸರಿ ಬರಲಿಲ್ಲ. ನಾಲ್ಕನೇ ಸಲಕ್ಕೆ ಗೋಪುರದ ಬುಡದ ಗೆರೆ ನೆಟ್ಟಗೆ ಕೂತಿತು. ರಾತ್ರಿ ಹನ್ನೊಂದೂವರೆಗೆ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಮನೆಯವರು ಎದ್ದು ಬಂದು ನೋಡಿ, ಏನೂ ಕೇಳದೆ ವಾಪಸ್ ಹೋಗಿ ಮಲಗಿದರು.

ನಾವು ಹಾಕುತ್ತಿರುವುದು ಗವಂತಿ ಹೊಲಿಗೆ. ಅಂದರೆ ಗೆರೆಯುದ್ದಕ್ಕೆ ಹೋಗುವಾಗ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಕಸೂತಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹುಚ್ಚು ಏನೆಂದರೆ, ಹೋಗುವವಳು ಧಾರವಾಡದ ಗೆಳತಿ, ವಾಪಸ್ ಬರುವವಳು ಮೈಸೂರಿನ ನಾನು. ನಡುವೆ ಸ್ಪೀಡ್ ಪೋಸ್ಟ್. ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು, ಗಂಟು ಹಾಕುವಂತಿಲ್ಲ ಅಲ್ವಾ, ಅದಕ್ಕೆ ಅವಳು ನಾಲ್ಕು ಬೆರಳು ದಾರ ಬಾಲದ ಹಾಗೆ ಬಿಟ್ಟು ಕಳಿಸುತ್ತಾಳೆ. ನಾನು ಅದನ್ನು ನನ್ನ ಹೊಲಿಗೆ ಜೊತೆಗೇ ನಾಲ್ಕೈದು ತೂತು ಓಡಿಸಿ ಅಡಗಿಸುತ್ತೇನೆ.

ಬಟ್ಟೆ ವಿಷಯ ಜಾಸ್ತಿ ಹೇಳಲ್ಲ, ಹೊಟ್ಟೆ ಉರಿಯುತ್ತೆ. ಎರಡೂ ಕಡೆ ಎಳೆ ಸಮ ಇದೆ ಅಂತ ಅಂಗಡಿಯವರು ಆಣೆ ಪ್ರಮಾಣ ಮಾಡಿದ್ದರು. ಸೂಜಿ ಹಿಡಿದು ಎಣಿಸಿದರೆ ಅಡ್ಡಕ್ಕೆ ಇಂಚಿಗೆ 28, ಮೇಲಿಂದ ಕೆಳಗೆ 25. ಹಾಗಾಗಿ ನಾವು ಹಾಕಿದ ತುಳಸಿ ಕಟ್ಟೆಯ ಚಿತ್ತಾರ ಸ್ವಲ್ಪ ಕತ್ತು ಉದ್ದ ಮಾಡಿಕೊಂಡು ನಿಂತಿದೆ. ಇರಲಿ ಬಿಡಿ.

ನಿಜವಾದ ತಲೆನೋವು ಗೋಪುರದ್ದು. ಬುಡದಲ್ಲಿ ಉದ್ದಕ್ಕೆ ಒಂದು ಅಡ್ಡಗೆರೆ ಇದೆ. ನಾಲ್ಕು ಎಳೆಗೆ ಒಂದು ಹೊಲಿಗೆ, ಒಟ್ಟು 46 ಹೊಲಿಗೆ. ಅವಳ ಪಾಲು 23, ನನ್ನದು 23. ತುಂಬಿ ಮುಗಿಸಿ ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಗೆರೆ ಎಲ್ಲಿದೆ? ಗರಗಸದ ಹಲ್ಲು! ಅವಳ ಹೊಲಿಗೆ ಕೆಳಗೆ, ನನ್ನದು ಮೇಲೆ. ಅವಳದು ಕೆಳಗೆ, ನನ್ನದು ಮೇಲೆ.

ಮೊದಲು ಬಣ್ಣದ ಮೇಲೆ ಅನುಮಾನ ಬಂತು. ಅದೂ ಸುಳ್ಳಲ್ಲ. ಕಂಪನಿ ಅದೇ, ನಂಬರ್ ಅದೇ, ಆದರೆ ಅವಳ ದಾರದ ಲಡಿಯ ಕೆಂಪು ಕುಂಕುಮದ್ದು, ನನ್ನದು ಹಳೇ ಇಟ್ಟಿಗೆಯದ್ದು. ಒಬ್ಬಳೇ ಹಾಕುವಾಗ ಲಡಿ ಬದಲಾದರೆ ಯಾವುದೋ ಮೂಲೆಯಲ್ಲಿ ಅಡಗಿ ಹೋಗುತ್ತೆ. ಇಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಬಣ್ಣ ಬೇರೆ, ಗೆರೆ ಪೂರ್ತಿ ಚುಕ್ಕಿ ಚುಕ್ಕಿ. ಅಂಗಡಿಯವರನ್ನು ಕೇಳಿದರೆ, "ಮೇಡಂ, ಲೈಟಲ್ಲಿ ಹಂಗೆ ಕಾಣುತ್ತೆ" ಅಂದರು. ಹೊರಗೆ ಬಿಸಿಲಿಗೆ ಕರೆದುಕೊಂಡು ಬಂದು ತೋರಿಸಿದೆ. "ಬಿಸಿಲಲ್ಲೂ ಹಂಗೇ ಕಾಣುತ್ತೆ" ಅಂದರು! ಕೊನೆಗೆ ಗೆಳತಿಯೇ ತನ್ನ ಲಡಿಯಲ್ಲಿ ಅರ್ಧ ಕಳಿಸಿದಳು. ನನ್ನ 23 ಬಿಚ್ಚಿ ಮತ್ತೆ ತುಂಬಿದೆ. ಬಣ್ಣ ಸರಿಯಾಯಿತು. ಹಲ್ಲು ಹಾಗೇ ಇತ್ತು.

ಎರಡನೇ ಸಲ ಕೈ ಬಿಗಿ ಮಾಡಿದೆ. ಬಟ್ಟೆ ಸುಕ್ಕಾಯಿತು. ಮೂರನೇ ಸಲ ಸೂಜಿ ಬದಲಿಸಿದೆ. ಚೂಪು ಸೂಜಿ ಅವಳ ದಾರವನ್ನೇ ಸೀಳಿಕೊಂಡು ಹೋಗುತ್ತಿತ್ತು ಅಂತ ಆಗ ಗೊತ್ತಾಯಿತು. ಸೋಮಾರಿತನ, ಕೈಗೆ ಸಿಕ್ಕಿದ್ದು ತಗೊಂಡಿದ್ದೆ. ಮೊಂಡು ತುದಿಯ 24ನೇ ನಂಬರ್ ಹಾಕಿದ ಮೇಲೆ ಸೀಳುವುದು ನಿಂತಿತು. ಹಲ್ಲು ನಿಲ್ಲಲಿಲ್ಲ.

ಫೋನ್ ಮಾಡಿ ಗೋಳು ತೋಡಿಕೊಂಡೆ. ಅವಳು ನಕ್ಕಳು. "ಫೋಟೋ ಗೀಟೋ ಬ್ಯಾಡವಾ. ಸೂಜಿ ನನ್ನ ದಾರದ ಯಾವ ಮಗ್ಗಲಿಂದ ಏಳತೈತಿ, ಯಾವ ಮಗ್ಗಲಿಗೆ ಇಳೀತೈತಿ, ಅಷ್ಟ ನೋಡಿ ಹೇಳು" ಅಂದಳು.

ನೋಡಿದೆ. ಸೂಜಿ ಅವಳ ಹೊಲಿಗೆಯ ಮೇಲ್ಮಗ್ಗಲಿಂದ ಎದ್ದು, ಮುಂದಿನ ಹೊಲಿಗೆಯ ಮೇಲ್ಮಗ್ಗಲಿಗೇ ಇಳಿಯುತ್ತಿತ್ತು. ಒಂದೇ ತೂತಿನಲ್ಲಿ ಎರಡು ದಾರ ಇರಬೇಕಲ್ಲ, ನನ್ನದು ಯಾವಾಗಲೂ ಅವಳದರ ತಲೆ ಮೇಲೆ ಹತ್ತಿ ಕೂರುತ್ತಿತ್ತು. ನನ್ನದೇ ಕೆಲಸದಲ್ಲಿ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನ ಕೈ ಸಡಿಲ, ಹೋಗುವಾಗ ಹಾಕಿದ ದಾರ ಸ್ವಲ್ಪ ಸರಿದು ಜಾಗ ಕೊಡುತ್ತೆ. ಅವಳದು ವೀಣೆ ತಂತಿ, ಜಪ್ಪಯ್ಯ ಅಂದರೂ ಅಲ್ಲಾಡಲ್ಲ.

ಮದ್ದು ಇಷ್ಟೇ. ಮೇಲ್ಮಗ್ಗಲಿಂದ ಏಳಬೇಕು, ಕೆಳಮಗ್ಗಲಿಗೆ ಇಳಿಯಬೇಕು. ಪ್ರತಿ ಹೊಲಿಗೆಯೂ ಹಾಗೇ, ಒಂದೂ ತಪ್ಪಬಾರದು. ಆಗ ಹೊಲಿಗೆಗಳು ಕೂದಲೆಳೆಯಷ್ಟು ಒಂದೇ ಕಡೆ ವಾಲುತ್ತವೆ, ಕಣ್ಣಿಗೆ ಗೆರೆ ನೆಟ್ಟಗೆ ಕಾಣುತ್ತೆ. ಮೊದಲ ಐದು ಹೊಲಿಗೆಗೆ "ಮೇಲೆ ಏಳು, ಕೆಳಗೆ ಇಳಿ" ಅಂತ ಬಾಯಲ್ಲಿ ಹೇಳಿಕೊಂಡೇ ಹಾಕಿದೆ. ತಿರುಗಿಸಿ ನೋಡಿದರೆ ಹಿಂದೆಯೂ ಅಷ್ಟೇ ನೆಟ್ಟಗೆ. ಚಪ್ಪಾಳೆ ಆಗಿನದ್ದು.

ಆ ಚುಕ್ಕಿ ಗೆರೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಬೇಕು ಅಂತಲೇ ಎರಡು ಬಣ್ಣ ಹಾಕಿದರೆ? ಅವಳು ಕೆಂಪಲ್ಲಿ ಹೋಗುವುದು, ನಾನು ಹಳದಿಯಲ್ಲಿ ಬರುವುದು. ಮುಂದೆ ಕೆಂಪು ಇದ್ದ ಜಾಗದಲ್ಲಿ ಹಿಂದೆ ಹಳದಿ! ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆ ಮೇಲೆ ಒಂದು ತೇರು ಅಂತ ಲೆಕ್ಕ ಹಾಕುತ್ತಾ ಕೂತೆ. ಆದರೆ ಗೆರೆಯಿಂದ ಪಕ್ಕಕ್ಕೆ ಕವಲು ಒಡೆಯುವ ಕಡೆ ಆಟ ನಡೆಯಲ್ಲ. ಕವಲಿಗೆ ಹೋಗಿ ಬರುವುದು ಎರಡೂ ಒಬ್ಬಳದೇ ದಾರ, ಅದು ಒಂದೇ ಬಣ್ಣ ಆಗಿಬಿಡುತ್ತೆ. ತೇರಿನ ತುಂಬ ಕವಲೇ. ಹಾಗಾಗಿ ಮೊದಲು ಕವಲೇ ಇಲ್ಲದ ಒಂದು ಮುರ್ಗಿ, ಅಂದರೆ ಅಂಕುಡೊಂಕು ಗೆರೆಯ ಅಂಚು ಹಾಕಿ ನೋಡೋದು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸಲು ತೊಡೆ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಬೇಕು, ಅದೂ ರೆಡಿ ಇದೆ.

ಗೋಪುರ ನಾಳೆ ಧಾರವಾಡಕ್ಕೆ ಹೊರಡುತ್ತೆ, ಮೇಲಿನ ಕಳಸ ಅವಳದ್ದು. ಬರುವಾಗ ಫೇಡೆ ಇಟ್ಟು ಕಳಿಸುತ್ತೀನಿ ಅಂದಿದ್ದಾಳೆ. ಬೇರೆ ಡಬ್ಬಿ, ಬೇರೆ ಪಾರ್ಸೆಲ್ ಅಂತ ಎರಡು ಸಲ ಹೇಳಿದ್ದೇನೆ. ಹೋದ ಸಲದ ತುಪ್ಪದ ಕಲೆ ಇನ್ನೂ ನಾವು ಹಾಕಿದ ಆನೆಯ ಬೆನ್ನ ಮೇಲಿದೆ.