ಭಾರ ಎಲ್ಲಿಗೆ ಹೋಗ್ತದ್ರಿ ಸರ್ರ?

ಹೈಸ್ಕೂಲ್ ಮಕ್ಕಳಿಗೆ ಕಟ್ಟಡದ ವಿಚಾರ ಹೇಳಿಕೊಡುವಾಗ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುತ್ತೇನೆ. ಈ ಭಾರ ಎಲ್ಲಿಗೆ ಹೋಗುತ್ತದೆ? ಚಾವಣಿಯ ಭಾರ ತೊಲೆಗೆ, ತೊಲೆಯದು ಗೋಡೆಗೋ ಕಂಬಕ್ಕೋ, ಅಲ್ಲಿಂದ ಪಾಯಕ್ಕೆ, ಪಾಯದಿಂದ ಮಣ್ಣಿಗೆ. ಯಾವ ಕಟ್ಟಡದ ಮುಂದೆ ನಿಲ್ಲಿಸಿದರೂ ಈ ದಾರಿಯನ್ನು ಬೆರಳಿನಿಂದ ತೋರಿಸಲು ಬರಬೇಕು. ಮಿಕ್ಕದ್ದು ಆಮೇಲೆ.

ನಾನು ವಿಜಯಪುರದಲ್ಲಿ ಸೈಟ್ ಎಂಜಿನಿಯರ್. ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದಲ್ವಾ, ಆಮೇಲೆ ಊರ ಹೊರಗಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಜೊತೆ ಕೂರುತ್ತೇನೆ. ಅಲ್ಲಿನ ಬಹಳಷ್ಟು ಮಕ್ಕಳ ಮನೆಯಲ್ಲಿ ಯಾರಾದರೊಬ್ಬರು ಗೌಂಡಿ (ಗಾರೆ ಕೆಲಸದವರು) ಇದ್ದಾರೆ. ಗೋವಾ, ಪುಣೆ ಎಂದು ಕೆಲಸಕ್ಕೆ ಹೋಗಿ ಬರುವವರು. ಸಿಮೆಂಟ್, ಸಳಿ (ಕಬ್ಬಿಣದ ಸರಳು), ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊರುವ ಹಲಗೆಯ ಅಚ್ಚು) ಎಂಬ ಮಾತುಗಳನ್ನು ಈ ಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ.

ಮೊದಲ ಪಾಠಕ್ಕೆ ಸೀಮೆಸುಣ್ಣ ಸಾಕು. ಎರಡೂ ತುದಿಯಿಂದ ನೇರವಾಗಿ ಒತ್ತಿ ಎಂದರೆ ಎಷ್ಟು ಒತ್ತಿದರೂ ಮುರಿಯುವುದಿಲ್ಲ. ಬಗ್ಗಿಸಿ ಎಂದರೆ ಸ್ವಲ್ಪಕ್ಕೇ ಪಟ್ ಎನ್ನುತ್ತದೆ. ಆಮೇಲೆ ಒಂದು ಸ್ಪಂಜಿನ ಪಕ್ಕಕ್ಕೆ ಪೆನ್ನಿನಲ್ಲಿ ನೆಟ್ಟಗೆ ಗೆರೆ ಎಳೆದು, ಎರಡು ಇಟ್ಟಿಗೆಯ ಮೇಲಿಟ್ಟು ನಡುವೆ ಒತ್ತುತ್ತೇವೆ. ಗೆರೆಗಳ ಮೇಲಿನ ತುದಿಗಳು ಹತ್ತಿರ ಬರುತ್ತವೆ, ಕೆಳಗಿನವು ದೂರ ಸರಿಯುತ್ತವೆ. ಅಂದರೆ ಮೇಲೆ ಒತ್ತಡ, ಕೆಳಗೆ ಎಳೆತ. ಕಲ್ಲು, ಕಾಂಕ್ರೀಟ್ ಎರಡೂ ಸೀಮೆಸುಣ್ಣದ ಜಾತಿಯವೇ. ಒತ್ತಡ ತಡೆಯುತ್ತವೆ, ಎಳೆತ ತಡೆಯುವುದಿಲ್ಲ. ಕಲ್ಲಿನ ಗುಡಿಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ಇರುವುದು ಇದಕ್ಕೇ. ಕಲ್ಲಿನ ತೊಲೆ ಉದ್ದವಾದರೆ ಕೆಳಗಿನಿಂದ ಸೀಳುತ್ತದೆ. ಆರ್‌ಸಿಸಿ (ಸಳಿ ಹಾಕಿದ ಕಾಂಕ್ರೀಟ್) ತೊಲೆಯಲ್ಲಿ ಎಳೆತ ತಡೆಯುವ ಸಳಿಗಳನ್ನು ಕೆಳಭಾಗದಲ್ಲಿ ಹಾಕುವುದೂ ಇದಕ್ಕೇ.

ಹಾಗಾದರೆ ಗೋಡೆಯಿಂದ ಹೊರಗೆ ಚಾಚಿದ ಛಜ್ಜಾದಲ್ಲಿ ಸಳಿ ಎಲ್ಲಿ ಇರಬೇಕು ಎಂದು ಕೇಳಿದೆ. ಎಲ್ಲರೂ ಕೆಳಗೆ ಎಂದರು. ಒಬ್ಬ ಹುಡುಗಿ ಮಾತ್ರ ‘ಇಲ್ರಿ ಸರ್ರ, ನಮ್ಮಪ್ಪ ಮ್ಯಾಲ ಹಾಕ್ತಾನ’ ಎಂದಳು. ಸ್ಪಂಜನ್ನು ಮೇಜಿನ ಅಂಚಿಗೆ ಹಿಡಿದು ಹೊರಗಿನ ತುದಿ ಒತ್ತಿ ನೋಡಿದೆವು. ಈ ಸಲ ಗೆರೆಗಳ ಮೇಲಿನ ತುದಿಗಳು ದೂರ ಸರಿದವು. ಛಜ್ಜಾದಲ್ಲಿ ಎಳೆತ ಇರುವುದು ಮೇಲೆ. ಕಾಂಕ್ರೀಟ್ ಹಾಕುವಾಗ ಆಳುಗಳು ಸಳಿಯ ಮೇಲೆ ಓಡಾಡಿ ಅದನ್ನು ಕೆಳಗೆ ತುಳಿದುಬಿಟ್ಟರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಛಜ್ಜಾ ಬೀಳಬಹುದು. ಆ ಹುಡುಗಿಯ ಅಪ್ಪನನ್ನು ಮುಂದೊಂದು ಶನಿವಾರ ಕರೆಸಿದೆವು. ಓಳಂಬ ಇಳಿಬಿಟ್ಟು ಗೋಡೆ ನೆಟ್ಟಗಿದೆಯಾ ಎಂದು ನೋಡುವುದು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ದೂರದ ಎರಡು ಗೋಡೆಗಳಿಗೆ ಒಂದೇ ಮಟ್ಟ ಹಾಕುವುದು, ಹಗ್ಗದಲ್ಲಿ 3, 4, 5 ಅಡಿ ಅಳೆದು ಮೂಲೆ ಹಿಡಿಯುವುದು, ಎಲ್ಲ ಮಾಡಿ ತೋರಿಸಿದರು. ಹತ್ತನೇ ತರಗತಿಯವರು ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಮಾಡಿದ್ದರು. ಅದು ಅಂಗಳದಲ್ಲಿ ಮೂರು ಗೂಟ, ಒಂದು ಹಗ್ಗವಾಗಿ ನಿಂತಾಗ ಅವರ ಮುಖ ನೋಡಬೇಕಿತ್ತು. ಮಗಳು ಅವತ್ತು ಮೊದಲ ಸಾಲಿನಲ್ಲಿ ಕೂತಿದ್ದಳು.

ನಮ್ಮ ಊರಲ್ಲಿ ಇದ್ದುಕೊಂಡು ಗೋಳಗುಮ್ಮಟ ಬಿಟ್ಟರೆ ಹೇಗೆ? ಈ ಮಕ್ಕಳಿಗೆ ಅದು ಪಿಸುಮಾತಿನ ಗ್ಯಾಲರಿ, ಕೂಗಿ ಪ್ರತಿಧ್ವನಿ ಕೇಳುವ ಜಾಗ. ಅಲ್ಲಿ ಹೋದಾಗ ಮೇಲೆ ಹತ್ತುವ ಮೊದಲು ಕೆಳಗೆ ನಡುವೆ ನಿಲ್ಲಿಸಿ ಅದೇ ಪ್ರಶ್ನೆ ಕೇಳುತ್ತೇನೆ. ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬ ಇಲ್ಲ. ಭಾರ ಎಲ್ಲಿಗೆ ಹೋಯಿತು? ‘ಗ್ವಾಡಿಗ್ರಿ’ ಎನ್ನುತ್ತಾರೆ. ಸರಿ. ಆದರೆ ಗುಮ್ಮಟ ಕೆಳಗೆ ಮಾತ್ರ ಒತ್ತುವುದಿಲ್ಲ, ಹೊರಗೂ ತಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ. ಶಾಲೆಯಲ್ಲಿ ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ಒರಗಲು ಹೇಳುತ್ತೇನೆ. ನುಣುಪಾದ ಫರಸಿಯ ಮೇಲೆ ಕಾಲು ಹಿಂದಕ್ಕೆ ಜಾರುತ್ತದೆ. ಆ ಜಾರುವಿಕೆಯೇ ಹೊರಗಿನ ತಳ್ಳಾಟ. ಇನ್ನಿಬ್ಬರು ಹಿಂದೆ ಕೂತು ಕಾಲು ಅಡ್ಡ ಕೊಟ್ಟರೆ ಕಮಾನು ನಿಲ್ಲುತ್ತದೆ.

ಗೋಳಗುಮ್ಮಟದಲ್ಲಿ ಆ ಅಡ್ಡಗಾಲು ಯಾವುದು? ಒಳಗೆ ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳಿವೆ. ಅವು ಚೌಕದ ಕೋಣೆಯನ್ನು ಮೇಲೆ ಹೋಗುತ್ತಾ ವೃತ್ತಕ್ಕೆ ತರುತ್ತವೆ. ಕಮಾನುಗಳ ನಡುವಿನ ಕಟ್ಟಡ ಒಳಕ್ಕೆ ಬಾಗಿಕೊಂಡಿದೆ. ಅದರ ಭಾರ ಒಳಮುಖ, ಗುಮ್ಮಟದ ತಳ್ಳಾಟ ಹೊರಮುಖ. ಎರಡೂ ಒಂದನ್ನೊಂದು ತಡೆಯುತ್ತವೆ. ಇದು ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ, ಅವನು ತೀರಿಕೊಂಡದ್ದು 1656ರಲ್ಲಿ. ಸಿಮೆಂಟ್ ಇಲ್ಲ, ಸಳಿ ಇಲ್ಲ, ಗಚ್ಚು (ಸುಣ್ಣದ ಗಾರೆ) ಮತ್ತು ಲೆಕ್ಕಾಚಾರ ಅಷ್ಟೇ. ಇದು ಗೊತ್ತಾದ ಮೇಲೆ ಮಕ್ಕಳು ತಲೆ ಎತ್ತಿ ನೋಡುವ ರೀತಿಯೇ ಬೇರೆ. ಅಲ್ಲಿಂದ ಊರಿನ ಇನ್ನೊಂದು ಗೋರಿ, ಅರ್ಧಕ್ಕೇ ನಿಂತ ಬಾರಾ ಕಮಾನಿಗೆ ಹೋಗುತ್ತೇವೆ. ಅಲ್ಲಿ ಚಾವಣಿ ಹಾಕಲೇ ಇಲ್ಲ, ಕಮಾನುಗಳಷ್ಟೇ ಬಯಲಲ್ಲಿ ನಿಂತಿವೆ. ಕಮಾನು ಎಂದರೇನು ಎಂದು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಭಾರದ ದಾರಿ ಕೊನೆಗೆ ಮಣ್ಣಿಗೆ ಬರುತ್ತದೆ. ಇಲ್ಲಿ ಈ ಮಕ್ಕಳು ನನಗಿಂತ ಮುಂದೆ. ನಮ್ಮದು ಎರೆ ಭೂಮಿ, ಕಪ್ಪು ಜೇಡಿಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಒಬ್ಬ ಹುಡುಗ ಹೇಳಿದ, ‘ಸರ್ರ, ನಮ್ಮ ಮನಿ ಗ್ವಾಡಿ ಬಿರಕ ಬ್ಯಾಸಗ್ಯಾಗ ದೊಡ್ಡದಾಗತೈತ್ರಿ, ಮಳಿ ಆದ ಮ್ಯಾಲ ಸಣ್ಣದಾಗತೈತಿ.’ ಇದು ಪುಸ್ತಕದಲ್ಲಿ ಓದಿ ಹೇಳಿದ ಮಾತಲ್ಲ, ನೋಡಿ ನೋಡಿ ತಿಳಿದದ್ದು. ಅವನ ಹೊಲದ ಮಣ್ಣನ್ನೇ ಒಣಗಿಸಿ, ಪುಡಿ ಮಾಡಿ, ಸಾಣಿಗೆ ಹಿಡಿದು, ವಿಜ್ಞಾನದ ಲ್ಯಾಬಿನ 100 ಮಿಲಿಯ ಎರಡು ಅಳತೆ ಜಾಡಿಗೆ ಹತ್ತತ್ತು ಗ್ರಾಂ ಹಾಕಿದೆವು. ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ (ಸೀಮೆಎಣ್ಣೆ). ಒಂದು ದಿನ ಬಿಟ್ಟು ನೋಡಿದರೆ ಎಣ್ಣೆಯಲ್ಲಿದ್ದದ್ದು ಇದ್ದಷ್ಟೇ ಇತ್ತು, ನೀರಿನಲ್ಲಿದ್ದದ್ದು ಒಂದೂವರೆ ಪಟ್ಟು ಮೀರಿತ್ತು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಎರೆ ದಾಟಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವ ತನಕ ಪಾಯಾ ಯಾಕೆ ತೋಡಬೇಕು, ಮನೆ ಸುತ್ತ ನೀರು ಯಾಕೆ ನಿಲ್ಲಬಾರದು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಐಸ್‌ಕ್ರೀಂ ಕಡ್ಡಿಯ ಸೇತುವೆ ಮಾಡಿಸಿ ಎಂದು ಗೆಳೆಯರು ಹೇಳುತ್ತಾರೆ. ಮಾಡಿಸಬಹುದು, ಮಕ್ಕಳಿಗೆ ಖುಷಿ. ಆದರೆ ಎಷ್ಟು ಕಿಲೋಗೆ ಮುರಿಯಿತು ಎಂಬಲ್ಲಿಗೇ ಅದು ನಿಂತುಬಿಡುತ್ತದೆ. ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬ ಪ್ರಶ್ನೆ ಬರುವುದೇ ಇಲ್ಲ. ವಾಸ್ತುಶಿಲ್ಪ ಶುರುವಾಗುವುದು ಅಲ್ಲಿಂದ.

ಅದಕ್ಕೆ ಈ ವರ್ಷ ಅವರಿಗೆ ಒಂದು ನಿಜವಾದ ಕೆಲಸ ಕೊಟ್ಟಿದ್ದೇನೆ. ಎಂಟನೇ ತರಗತಿಗೆ ಗಾಲಿಕುರ್ಚಿಯಲ್ಲಿ ಬರುವ ಹುಡುಗನೊಬ್ಬ ಸೇರಿದ್ದಾನೆ. ಶಾಲೆಯ ಕಟ್ಟೆ ಒಂದೂವರೆ ಅಡಿ ಎತ್ತರ. ದಿನಾ ಇಬ್ಬರು ಅವನನ್ನು ಎತ್ತಿ ಒಳಗೆ ತರುತ್ತಾರೆ. ಅವನು ತಾನೇ ಬರಲು ಒಂದು ಇಳಿಜಾರು ದಾರಿಯ ನಕ್ಷೆ ಮಾಡುವುದೇ ಕೆಲಸ. ಇಳಿಜಾರು 1:12 ಇರಬೇಕು, ಒಂದು ಅಡಿ ಏರಲು ಹನ್ನೆರಡು ಅಡಿ, ಅಂದರೆ 18 ಅಡಿ ಉದ್ದ. ನೇರ ಹಾಕಿದರೆ ಬೇವಿನ ಮರ ಅಡ್ಡ ಬರುತ್ತದೆ. ಒಂದು ಗುಂಪು ಮರ ಸುತ್ತಿಕೊಂಡು ತಿರುವು ಹಾಕಿ, ತಿರುವಿನಲ್ಲಿ ಸಮತಟ್ಟು ಜಾಗ ಬಿಟ್ಟಿದೆ. ಇನ್ನೊಂದು ಗುಂಪು ಹಿಂದಿನ ಬಾಗಿಲಿನಿಂದ ತಂದಿತ್ತು. ‘ಹಿಂದಿಂದ ನಾ ಯಾಕ ಬರ್ಲಿ?’ ಎಂದು ಆ ಹುಡುಗನೇ ಕೇಳಿದ. ಆ ನಕ್ಷೆ ಅಲ್ಲಿಗೇ ಹೋಯಿತು. ಅವನು ಟೇಪ್ ಹಿಡಿಯುವವರ ಜೊತೆಗೇ ಇರುತ್ತಾನೆ ಈಗ.

ಮರ ಸುತ್ತುವ ನಕ್ಷೆಯನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಕ್ಕಳೇ ಇಡುತ್ತಾರೆ. ಗೌಂಡಿ ಕೆಲಸಕ್ಕೆ ಆ ಹುಡುಗಿಯ ಅಪ್ಪ ಒಪ್ಪಿದ್ದಾರೆ. ಸಿಮೆಂಟ್, ಕಲ್ಲು ಹೇಗೋ ಹೊಂದಿಸುತ್ತೇವೆ. ವಿಜಯಪುರದ ಸುತ್ತಮುತ್ತ ಇರುವ ಎಂಜಿನಿಯರ್‌ಗಳು ಒಂದು ಶನಿವಾರ ಬಿಡುವು ಮಾಡಿಕೊಂಡು ಬನ್ನಿ. ಬರುವಾಗ 30 ಮೀಟರಿನ ಹಳೆಯ ಟೇಪ್ ಇದ್ದರೆ ತನ್ನಿ. ಇರುವುದು ಒಂದೇ, ಅದಕ್ಕೆ ಜಗಳ ಜಾಸ್ತಿ.