ಎರಡು ಸಬ್ಜೆಕ್ಟ್ ಬಾಕಿ

ನವೆಂಬರಿನಲ್ಲಿ ನಮ್ಮ ಊರಿನ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಓದುವವರು ಬರುವುದು ಕಡಿಮೆ. ಮಾನ್ವಿ ಸೀಮೆಯ ಹೊಲಗಳಲ್ಲಿ ಹತ್ತಿ ಒಡೆದಿರುತ್ತದೆ. ನಸುಕಿನಲ್ಲೇ ಟಾಟಾ ಏಸ್ ಓಣಿಗೆ ಬಂದು ಹಾರ್ನ್ ಹೊಡೆದರೆ ಹೆಣ್ಣುಮಕ್ಕಳು, ಹುಡುಗರು ಬುತ್ತಿ ಹಿಡಿದು ಹತ್ತುತ್ತಾರೆ. ಸಂಜೆ ಬರುವ ನಾಲ್ಕು ಮಂದಿಯೂ ಮೊಬೈಲ್ ಚಾರ್ಜಿಗೇ ಬರುವವರು. ಕೇಂದ್ರ ನೋಡಿಕೊಳ್ಳುವ ನಾನು ಬೇಡ ಅನ್ನುವುದಿಲ್ಲ. ಚಾರ್ಜ್ ಆಗುವ ತನಕ ಅವರು ಎಲ್ಲಿಗೂ ಹೋಗುವುದಿಲ್ಲವಲ್ಲ, ಮಾತಾಡಿಸಬಹುದು.

ಹಾಗೆ ಸಿಕ್ಕವನು ಈ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಹೋಗಿದ್ದವು. ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಹತ್ತಿ ಬಿಡಿಸುವ ಹೊತ್ತಿಗೆ ಊರಿಗೆ ಬಂದಿದ್ದ. ಮತ್ತೆ ಯಾಕೆ ಪರೀಕ್ಷೆ ಕಟ್ಟಲಿಲ್ಲ ಅಂತ ಕೇಳಿದೆ.

“ತಂಗಿ ಈಗ ಹತ್ತನೇತ್ತ ಅದಾಳ್ರಿ ಅಕ್ಕೋರ. ಆಕಿ ಕ್ಲಾಸಿನ್ಯಾಗ ಹೋಗಿ ಕುಂದ್ರಲೇನು?”

“ಕ್ಲಾಸಿಗೆ ಯಾರು ಕುಂದ್ರು ಅಂದಾರ? ಹೋಗಿರೋ ಎರಡು ಬರದ್ರ ಸಾಕು.”

ಅವನು ನಂಬಲಿಲ್ಲ. ಆರೂ ವಿಷಯ ಮೊದಲಿನಿಂದ ಬರೆಯಬೇಕು ಅಂದುಕೊಂಡೇ ಒಂದು ವರ್ಷ ಸಿಮೆಂಟು ಹೊತ್ತಿದ್ದ. ಇಂಥವರ ಬಗ್ಗೆ ಸಭೆಗಳಲ್ಲಿ “ಓದಿನಲ್ಲಿ ಆಸಕ್ತಿ ಇಲ್ಲ” ಎಂದು ಬರೆದುಕೊಳ್ಳುವುದನ್ನು ನೋಡಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೇಳುತ್ತಾ ಹೋದರೆ, ಸೈಟಿನಲ್ಲಿ ಇವನು ವೈರಿಂಗ್‌ನವರ ಹಿಂದೆಯೇ ತಿರುಗಿದ್ದಾನೆ, ಯಾವ ಬಣ್ಣದ ವೈರು ಎಲ್ಲಿಗೆ ಅಂತ ಕೇಳಿ ಬೈಸಿಕೊಂಡಿದ್ದಾನೆ. ಐಟಿಐಯಲ್ಲಿ ವೆಲ್ಡರ್ ಕೋರ್ಸಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು, ಒಂದೇ ವರ್ಷ. ಎಲೆಕ್ಟ್ರಿಷಿಯನ್ ಆಗಬೇಕೆಂದರೆ ಎರಡು ವರ್ಷ, ಗಣಿತ-ವಿಜ್ಞಾನದೊಂದಿಗೆ ಹತ್ತನೇತ್ತ ಪಾಸಾಗಿರಬೇಕು. ಇವನಿಗೆ ಬಾಕಿ ಇದ್ದದ್ದೂ ಅವೇ ಎರಡು.

ಹುಡುಗ ಒಪ್ಪಿದ ಅಂದರೆ ಮುಗಿಯಲಿಲ್ಲ. ಮೇಸ್ತ್ರಿ ಮನೆಯ ಮೂರೂ ಆಳಿನ ಲೆಕ್ಕದಲ್ಲಿ ಮುಂಗಡ ಕೊಟ್ಟಿದ್ದ. ಸಂಕ್ರಾಂತಿ ಮುಗಿಸಿ ಬೆಂಗಳೂರಿಗೆ ಹೊರಡಬೇಕು, ಪರೀಕ್ಷೆ ಇರುವುದು ಮಾರ್ಚಿನಲ್ಲಿ. ರಾತ್ರಿ ಅವರ ಮನೆಗೆ ಹೋದೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುತ್ತಾರೆ, ಮೊದಲನೇದರಲ್ಲಿ ಹೋದರೂ ವರ್ಷ ಹಾಳಾಗುವುದಿಲ್ಲ ಎಂದು ವಿವರಿಸಿದೆ.

“ಮತ್ತ ಬರದ್ರ ಮತ್ತ ಫೀಸು ಕಟ್ಟಬೇಕೇನ್ರೀ?” ಎಂದಳು ಅವ್ವ. ಆಮೇಲೆ, “ಇವ ಬರೀಲಿಕ್ಕೆ ಕುಂತ್ರ ಮೇಸ್ತ್ರಿ ರೊಕ್ಕ ಬಿಡ್ತಾನೇನು?”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪನೇ ದಾರಿ ಹುಡುಕಿದ: ಹತ್ತಿ ಮುಗಿಯುವ ತನಕ ಹುಡುಗ ಇಲ್ಲೇ ಬಿಡಿಸಲಿ, ಆ ಕೂಲಿ ಮೇಸ್ತ್ರಿಗೆ ಕಟ್ಟೋಣ, ಸಂಕ್ರಾಂತಿಗೆ ಗಂಡ-ಹೆಂಡತಿ ಇಬ್ಬರೇ ಹೋಗೋಣ. ಅವ್ವ ಇನ್ನೂ ಗೊಣಗುತ್ತಲೇ ಟ್ರಂಕು ತೆಗೆದು, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಅಂಕಪಟ್ಟಿ ಕೊಟ್ಟಳು.

ಮರುದಿನ ಅವನು ಓದಿದ ಹೈಸ್ಕೂಲಿಗೆ ಇಬ್ಬರೂ ಹೋದೆವು. ಅರ್ಜಿ ತುಂಬಿಸಬೇಕಾದ್ದು ಶಾಲೆಯಿಂದಲೇ. “ಈಗ ಬುದ್ಧಿ ಬಂತೇನು?” ಎಂದು ಒಬ್ಬ ಮೇಷ್ಟ್ರು ನಾಲ್ಕು ಮಂದಿಯ ಎದುರೇ ಶುರು ಮಾಡಿದರು. ಹುಡುಗ ತಿರುಗಿ ಗೇಟಿನ ಕಡೆ ನಡೆದೇಬಿಟ್ಟ. ವಾಪಸ್ ಬಂದ ಹುಡುಗರಿಗೆ ಭಾಷಣ ಮಾಡದೆ ಫಾರಂ ಕೊಡುವುದು ಇಷ್ಟು ಕಷ್ಟವೇ? ಪುಣ್ಯಕ್ಕೆ ಅಲ್ಲಿನ ಗುಮಾಸ್ತರು ಹೊರಗೆ ಹೋಗಿ, “ಲೇ, ಫೋಟೋ ತಂದೀಯೇನು? ತಾ ಇಲ್ಲಿ” ಎಂದಷ್ಟೇ ಕೇಳಿ ಕರೆತಂದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಈಗ ಹೊಲದಿಂದ ಬಂದು, ಉಂಡು, ಏಳಕ್ಕೆ ಕೇಂದ್ರಕ್ಕೆ ಬರುತ್ತಾನೆ. ಊರಿನ ನಿವೃತ್ತ ಮೇಷ್ಟ್ರೊಬ್ಬರು ಗಣಿತ ಹೇಳಿಕೊಡುತ್ತಾರೆ. ಅರ್ಧ ಹೊತ್ತು ತೂಕಡಿಸುತ್ತಾನೆ. ವಿಜ್ಞಾನದಲ್ಲಿ ವಿದ್ಯುತ್ತಿನ ಪಾಠ ಬಿಟ್ಟು ಬೇರೆ ತೆಗೆಯುವುದಿಲ್ಲ ಅಂತ ಹಟ. ಉಳಿದದ್ದಕ್ಕೆ ತಂಗಿಯ ನೋಟ್ಸ್ ಕೇಳು ಅಂದರೆ ಮುಖ ಸಿಂಡರಿಸುತ್ತಾನೆ, ಆದರೆ ಮೊನ್ನೆಯಿಂದ ತರುತ್ತಿದ್ದಾನೆ.